ಕಪಾಟಿನ ವೀರ, ಅಂಗಳದ ವೀರ

ಮಾನವನು ಗೊಂಬೆಯನ್ನು ಎರಡು ಉದ್ದೇಶಗಳಿಗಾಗಿ ಮಾಡಿಕೊಂಡು ಬಂದಿದ್ದಾನೆ. ಒಂದು ನೋಡಿ ನಲಿಯುವುದಕ್ಕೆ, ಇನ್ನೊಂದು ಆಡಿ ನಲಿಯುವುದಕ್ಕೆ. ನವರಾತ್ರಿಯ ದಿನಗಳಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಮೆಟ್ಟಿಲುಗಳ ಮೇಲೆ ಕೂರಿಸುವ ಪಟ್ಟದ ಗೊಂಬೆಗಳು ನೋಟಕ್ಕೆ ಮೀಸಲು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯೂ ಗಾಡಿಯೂ ಆಟಕ್ಕೆ ಮೀಸಲು. ಪಟ್ಟದ ಗೊಂಬೆಯನ್ನು ಅಂಗಳದ ಮಣ್ಣಿನಲ್ಲಿ ಯಾರೂ ಎಳೆದಾಡುವುದಿಲ್ಲ. ಬುಗುರಿಯನ್ನು ಮೆಟ್ಟಿಲ ಮೇಲಿಟ್ಟು ಯಾರೂ ಆರತಿ ಎತ್ತುವುದಿಲ್ಲ. ಎರಡಕ್ಕೂ ಅವುಗಳದೇ ಆದ ಸ್ಥಾನವುಂಟು. ಎರಡನ್ನೂ ಅಳೆಯುವ ಅಳತೆಗೋಲು ಬೇರೆ ಬೇರೆ.

ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹರಡಿದ ಒಂದು ಜಾತಿಯ ಗೊಂಬೆ ಈ ಎರಡು ಸ್ಥಾನಗಳನ್ನೂ ಒಮ್ಮೆಗೇ ಬಯಸುತ್ತದೆ. ಅದಕ್ಕೆ ‘ಆಕ್ಷನ್ ಫಿಗರ್’ ಎಂದು ಹೆಸರು. ಕೈಕಾಲುಗಳನ್ನು ತಿರುಗಿಸಬಹುದಾದ, ಆಯುಧ ಕವಚಗಳನ್ನು ತೊಡಿಸಬಹುದಾದ ಪ್ಲಾಸ್ಟಿಕ್ಕಿನ ವೀರನ ಗೊಂಬೆ ಅದು. ಮಕ್ಕಳು ಅದನ್ನು ಆಟಕ್ಕಾಗಿ ಬೇಡುತ್ತಾರೆ. ದೊಡ್ಡವರು ಕಪಾಟಿಗಾಗಿ ಕೊಳ್ಳುತ್ತಾರೆ. ಇಂಥ ಗೊಂಬೆಯ ಗುಣದೋಷಗಳನ್ನು ತೂಗುವುದು ಹೇಗೆ? ನೋಟಕ್ಕೂ ಆಟಕ್ಕೂ ವಿರೋಧ ಬಂದಾಗ ಯಾವುದು ಮಣಿಯಬೇಕು? ಪ್ರಶ್ನೆ ಸಣ್ಣ ಗೊಂಬೆಯದಾದರೂ ಅದರ ಹಿಂದಿರುವ ವಿಚಾರ ಸಣ್ಣದಲ್ಲ. ವಸ್ತುವಿನ ಬೆಲೆ ಅದನ್ನು ಬಳಸುವುದರಲ್ಲಿದೆಯೋ, ಬಳಸದೆ ಕಾಪಾಡುವುದರಲ್ಲಿದೆಯೋ ಎಂಬುದೇ ಆ ವಿಚಾರ.

ಈ ಗೊಂಬೆಯ ಕುಲವೃತ್ತಾಂತವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ೧೯೬೪ರಲ್ಲಿ ಹ್ಯಾಸ್‌ಬ್ರೊ ಎಂಬ ಸಂಸ್ಥೆ ‘ಜಿ. ಐ. ಜೋ’ ಎಂಬ ಸೈನಿಕನ ಗೊಂಬೆಯನ್ನು ಮಾರಾಟಕ್ಕೆ ತಂದಿತು. ಸುಮಾರು ಹನ್ನೆರಡು ಅಂಗುಲ ಎತ್ತರದ ಆ ಸೈನಿಕನಿಗೆ ಬಟ್ಟೆಯ ಸಮವಸ್ತ್ರವಿತ್ತು. ಮೈಯ ಕೀಲುಗಳೆಲ್ಲ ಬಾಗುತ್ತಿದ್ದವು. ‘ಗೊಂಬೆ’ ಎಂದರೆ ಹುಡುಗರು ಮೂಗು ಮುರಿದಾರೆಂದು ಅಂಜಿದ ವ್ಯಾಪಾರಿಗಳು ಅದಕ್ಕೆ ಹೊಸ ಹೆಸರನ್ನು ಇಟ್ಟರು. ಹೆಸರು ಬದಲಾಯಿತೇ ಹೊರತು ವಸ್ತು ಬದಲಾಗಲಿಲ್ಲ. ಹುಡುಗಿಯರ ಕೈಯ ಗೊಂಬೆಯೇ ಸಮವಸ್ತ್ರ ತೊಟ್ಟು ಹುಡುಗರ ಕೈಗೆ ಬಂದಿತು. ಮುಂದೆ ೧೯೭೭ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರ ತೆರೆಕಂಡಾಗ ಅದರ ಪಾತ್ರಗಳನ್ನು ಗೊಂಬೆಗಳಾಗಿ ಮಾಡುವ ಹಕ್ಕು ಕೆನರ್ ಎಂಬ ಸಂಸ್ಥೆಯ ಬಳಿ ಇತ್ತು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಗೊಂಬೆಗಳು ಸಿದ್ಧವಾಗಲಿಲ್ಲ. ಸಂಸ್ಥೆಯವರು ಎದೆಗುಂದದೆ ಒಂದು ರಟ್ಟಿನ ಲಕೋಟೆಯಲ್ಲಿ ಬರಿಯ ಪತ್ರವನ್ನಿಟ್ಟು ಮಾರಿದರು. ಆ ಪತ್ರವನ್ನು ಅಂಚೆಯಲ್ಲಿ ಕಳುಹಿಸಿದ ಮಕ್ಕಳಿಗೆ ೧೯೭೮ರಲ್ಲಿ ನಾಲ್ಕು ಗೊಂಬೆಗಳು ಬಂದವು. ಅವು ಮೂರೂ ಮುಕ್ಕಾಲು ಅಂಗುಲದ ಅಳತೆಯವು, ಜೇಬಿನಲ್ಲಿ ಹಿಡಿಸುವಂಥವು. ಇಲ್ಲದ ಗೊಂಬೆಯನ್ನೂ ಮಾರಬಹುದೆಂಬುದನ್ನು ವ್ಯಾಪಾರಿಗಳು ಅಂದು ಕಂಡುಕೊಂಡರು. ಆಸೆ ಎಂಬುದು ವಸ್ತುವಿಗಿಂತ ಮೊದಲೇ ಮನೆ ಸೇರಬಲ್ಲುದು.

ಇದಾದ ಮೇಲೆ ೧೯೮೨ರಲ್ಲಿ ಮ್ಯಾಟೆಲ್ ಸಂಸ್ಥೆ ‘ಮಾಸ್ಟರ್ಸ್ ಆಫ್ ದಿ ಯೂನಿವರ್ಸ್’ ಎಂಬ ಹೆಸರಿನಲ್ಲಿ ಒಂದು ಗೊಂಬೆಗಳ ಸಾಲನ್ನು ಹೊರತಂದಿತು. ಅದರ ನಾಯಕ ಹೀ-ಮ್ಯಾನ್. ಪ್ರತಿನಾಯಕ ತಲೆಬುರುಡೆಯ ಮುಖದ ಸ್ಕೆಲಿಟರ್. ಎಟರ್ನಿಯಾ ಎಂಬ ಕಲ್ಪಿತ ಲೋಕ ಅವರ ರಂಗಭೂಮಿ. ಅಲ್ಲಿ ಕತ್ತಿಯೂ ಉಂಟು, ಯಂತ್ರವೂ ಉಂಟು; ಮಂತ್ರವಾದಿಯೂ ಉಂಟು, ಆಕಾಶಯಾನವೂ ಉಂಟು. ನೋಟ ಮತ್ತು ಆಟಗಳ ವಿಚಾರವನ್ನು ಪರೀಕ್ಷಿಸುವುದಕ್ಕೆ ಹೀ-ಮ್ಯಾನನ ಗೊಂಬೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ. ಏಕೆಂದರೆ ಮೊದಲು ಹುಡುಗರ ಕೈಯ ಆಟಿಕೆಯಾಗಿದ್ದ ಅದೇ ವೀರ ಮುಂದೆ ದೊಡ್ಡವರ ಕಪಾಟಿನ ಅಲಂಕಾರವಾಗಿಯೂ ಅವತಾರವೆತ್ತಿದನು.

ಮೊದಲು ನೋಟದ ಪರೀಕ್ಷೆ. ಕಪಾಟಿನಲ್ಲಿ ನಿಲ್ಲುವ ಗೊಂಬೆಗೆ ಬೇಕಾದ ಪ್ರಥಮ ಗುಣ ನಿಲ್ಲುವ ಶಕ್ತಿಯೇ. ಮುಖ ಎಷ್ಟು ಸುಂದರವಾಗಿದ್ದರೇನು, ಬಾಗಿಲು ಹಾಕಿದ ಸದ್ದಿಗೆ ಮುಗ್ಗರಿಸುವ ವೀರನನ್ನು ವೀರನೆಂದು ಯಾರು ಕರೆದಾರು? ಒಂದು ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಅದರ ಪಾದಗಳ ನಡುವಣ ನೆಲೆಯೊಳಗೆ ಬಿದ್ದರೆ ಅದು ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ ಎಂಬುದು ವಿಜ್ಞಾನದ ಪಾಠ. ೧೯೮೨ರ ಹೀ-ಮ್ಯಾನ್ ಐದೂವರೆ ಅಂಗುಲ ಎತ್ತರದ ಕುಳ್ಳ. ಕಾಲುಗಳು ಅಗಲವಾಗಿ ಚಾಚಿವೆ, ಮೊಣಕಾಲುಗಳು ಕುಸ್ತಿಗೆ ನಿಂತ ಜಟ್ಟಿಯಂತೆ ಬಾಗಿವೆ. ಈ ಭಂಗಿಯಿಂದ ಗುರುತ್ವಕೇಂದ್ರ ಕೆಳಗಿಳಿದು ನೆಲೆ ವಿಸ್ತಾರವಾಗುತ್ತದೆ. ಆದುದರಿಂದ ಗೊಂಬೆ ದೃಢವಾಗಿ ನಿಲ್ಲುತ್ತದೆ. ಎರಡನೆಯದು ದೂರದಿಂದಲೇ ಗುರುತು ಹತ್ತುವ ರೂಪ. ಕೆಂಪು ಕೂದಲೋ ಹಸಿರು ಚರ್ಮವೋ ಎಂಬುದಕ್ಕಿಂತ ಆಕೃತಿಯ ಹೊರರೇಖೆಯೇ ಪಾತ್ರವನ್ನು ಹೇಳಬೇಕು. ಯಕ್ಷಗಾನದಲ್ಲಿ ಕಿರೀಟವನ್ನು ಕಂಡೊಡನೆ ವೇಷ ಯಾವುದೆಂದು ತಿಳಿಯುವುದಷ್ಟೆ? ಸ್ಕೆಲಿಟರನ ಮುಸುಕು ಮತ್ತು ಬುರುಡೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಮೂರನೆಯದು ಬಣ್ಣದ ಅಚ್ಚುಕಟ್ಟು. ಕಣ್ಣಿನ ಬೊಟ್ಟು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಶೂರನು ಪೆದ್ದನಂತೆ ಕಾಣುತ್ತಾನೆ.

ಇನ್ನು ಆಟದ ಪರೀಕ್ಷೆ. ಇಲ್ಲಿ ಕಣ್ಣಿಗಿಂತ ಕೈ ದೊಡ್ಡ ನ್ಯಾಯಾಧೀಶ. ಗೊಂಬೆ ಬಿದ್ದರೆ ಒಡೆಯಬಾರದು. ಕೀಲು ನೂರು ಸಾರಿ ತಿರುಗಿದ ಮೇಲೂ ಬಿಗಿಯಾಗಿರಬೇಕು. ಕತ್ತಿಯನ್ನು ಅಂಗೈ ಹಿಡಿಯಬೇಕು. ಹೊಡೆತಕ್ಕೆ ಅದು ಜಾರಿ ಬೀಳಬಾರದು. ಹಳೆಯ ಹೀ-ಮ್ಯಾನನಿಗೆ ಕೀಲುಗಳು ಹೆಚ್ಚಿರಲಿಲ್ಲ: ಕತ್ತು, ಎರಡು ಹೆಗಲು, ಸೊಂಟ, ಎರಡು ತೊಡೆಸಂದು. ಮೊಣಕೈ ಮೊಣಕಾಲುಗಳು ಬಾಗುತ್ತಿರಲಿಲ್ಲ. ಆದರೆ ಸೊಂಟದೊಳಗೆ ಒಂದು ಸ್ಪ್ರಿಂಗು ಅಡಗಿತ್ತು. ಮುಂಡವನ್ನು ಒಂದು ಕಡೆಗೆ ತಿರುವಿ ಬಿಟ್ಟರೆ ಅದು ಥಟ್ಟನೆ ಹಿಂದಿರುಗುತ್ತಿತ್ತು. ಅದರೊಡನೆ ಕತ್ತಿ ಹಿಡಿದ ತೋಳೂ ಬೀಸುತ್ತಿತ್ತು. ಈ ಒಂದು ಚಲನೆಗಾಗಿ ಮಕ್ಕಳು ಉಳಿದೆಲ್ಲ ಕೊರತೆಗಳನ್ನೂ ಮನ್ನಿಸಿದರು. ಹತ್ತು ಕಡೆ ನಿಧಾನವಾಗಿ ಬಾಗುವ ಗೊಂಬೆಗಿಂತ ಒಂದೇ ಕಡೆ ಜೀವಂತವಾಗಿ ಮಿಡಿಯುವ ಗೊಂಬೆ ಆಟಕ್ಕೆ ಹೆಚ್ಚು ಒದಗುತ್ತದೆಂಬುದಕ್ಕೆ ಇದು ಸಾಕ್ಷಿ.

ನೋಟ ಮತ್ತು ಆಟಗಳ ವಿರೋಧ ಇಲ್ಲಿಯೇ ಆರಂಭವಾಗುತ್ತದೆ. ಕತ್ತಿಯ ಅಲಗು ತೆಳುವಾದಷ್ಟೂ ಕಣ್ಣಿಗೆ ಚೆನ್ನ. ತೆಳುವಾದಷ್ಟೂ ಮುರಿಯುವುದು ಸುಲಭ. ಕೀಲುಗಳು ಹೆಚ್ಚಾದಷ್ಟೂ ಬಗೆಬಗೆಯ ಭಂಗಿಗಳು ಸಾಧ್ಯ. ಆದರೆ ಪ್ರತಿಯೊಂದು ಕೀಲೂ ಕಡೆದ ಮೈಯ ಮೇಲೆ ಒಂದು ಗೀರು, ಮುಂದೆ ಸಡಿಲವಾಗಬಹುದಾದ ಒಂದು ಸಂದು. ೨೦೦೮ರಲ್ಲಿ ಮ್ಯಾಟೆಲ್ ಸಂಸ್ಥೆಯೇ ವಯಸ್ಕ ಸಂಗ್ರಹಕಾರರಿಗೆಂದು ಅದೇ ವೀರರನ್ನು ಸುಮಾರು ಏಳು ಅಂಗುಲದ ಅಳತೆಯಲ್ಲಿ, ಸೂಕ್ಷ್ಮವಾದ ಕುಸುರಿಯೊಡನೆ ಮತ್ತೆ ರೂಪಿಸಿತು. ಅವು ನೋಡುವುದಕ್ಕೆ ಬಹಳ ಸೊಗಸು. ೨೦೨೦ರಲ್ಲಿ ಹಳೆಯ ಐದೂವರೆ ಅಂಗುಲದ ಅಳತೆಗೇ ಮರಳಿ, ಮೊಣಕೈ ಮೊಣಕಾಲುಗಳೂ ಬಾಗುವ ಇನ್ನೊಂದು ಸಾಲು ಬಂದಿತು. ಅದರ ತಲೆ ತೋಳು ಕಾಲುಗಳನ್ನು ಬಿಡಿಸಿ ಒಬ್ಬನ ತೋಳನ್ನು ಇನ್ನೊಬ್ಬನಿಗೆ ಜೋಡಿಸಬಹುದು. ಆದರೆ ಹಳೆಯ ಸೊಂಟದ ಸ್ಪ್ರಿಂಗು ಅದರಲ್ಲಿಲ್ಲ. ಒಂದನ್ನು ಪಡೆದಾಗ ಇನ್ನೊಂದನ್ನು ಬಿಡಬೇಕಾಗುತ್ತದೆ. ಎಲ್ಲ ಗುಣಗಳೂ ಒಂದೆಡೆ ಕೂಡಿದ ಗೊಂಬೆ ಎಲ್ಲಿಯೂ ಇಲ್ಲ. ಆದುದರಿಂದಲೇ ವಿವೇಚನೆ ಬೇಕು.

ಆಟದ ಪರೀಕ್ಷೆಯಲ್ಲಿ ರಾಜಿಗೆ ಎಡೆಯಿಲ್ಲದ ಒಂದು ಅಂಶವುಂಟು. ಅದು ಸುರಕ್ಷತೆ. ೧೯೭೮ರ ಕೊನೆಯಲ್ಲಿ ಅಮೆರಿಕದಲ್ಲಿ ಆಟಿಕೆಯ ಆಕಾಶನೌಕೆಯೊಂದು ಚಿಮ್ಮಿಸಿದ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿ ಒಂದು ಎಳೆಯ ಜೀವ ಹೋಯಿತು. ಅದೇ ಕಾಲದಲ್ಲಿ ಕೆನರ್ ಸಂಸ್ಥೆ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯ ಬೆನ್ನಿನಿಂದ ರಾಕೆಟ್ಟು ಹಾರುವಂತೆ ಮಾಡುವುದಾಗಿ ಪ್ರಕಟಿಸಿತ್ತು. ಅದು ಆ ಯೋಚನೆಯನ್ನು ಕೈಬಿಟ್ಟು, ರಾಕೆಟ್ಟನ್ನು ಕದಲದಂತೆ ಅಂಟಿಸಿದ ಗೊಂಬೆಯನ್ನು ಮಕ್ಕಳಿಗೆ ಕೊಟ್ಟಿತು. ೧೯೮೦ರಿಂದ ಅಮೆರಿಕದಲ್ಲಿ ಮೂರು ವರ್ಷಕ್ಕೆ ಕಿರಿಯರಾದ ಮಕ್ಕಳ ಆಟಿಕೆಗೆ ಒಂದು ನಿಯಮ ಬಂದಿತು. ಒಂದೂಕಾಲು ಅಂಗುಲ ವ್ಯಾಸದ ಪುಟ್ಟ ಅಳತೆಯ ನಳಿಗೆಯೊಳಗೆ ಪೂರ್ತಿಯಾಗಿ ಹಿಡಿಸುವ ಬಿಡಿಭಾಗ ಅದರಲ್ಲಿರಕೂಡದು. ಆ ನಳಿಗೆ ಎಳೆಯ ಮಗುವಿನ ಗಂಟಲಿನ ಪ್ರತಿನಿಧಿ. ಭಾರತದಲ್ಲಿಯೂ ೨೦೨೧ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐ. ಎಸ್. ಐ. ಮುದ್ರೆ ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡುವ ಮೊದಲು ಈ ಮುದ್ರೆಯನ್ನೂ ಯಾವ ವಯಸ್ಸಿನವರಿಗೆಂಬ ಸೂಚನೆಯನ್ನೂ ನೋಡುವುದು ಕೊಳ್ಳುವವರ ಕರ್ತವ್ಯ. ಅಣ್ಣನ ಕೈಯ ಕತ್ತಿ ತಮ್ಮನ ಬಾಯಿಗೆ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ವಿಚಿತ್ರವೆಂದರೆ, ಮಕ್ಕಳಿಗೆ ಅಪಾಯವೆಂದು ಕೈಬಿಟ್ಟ ಆ ರಾಕೆಟ್ಟಿನ ಗೊಂಬೆಯ ಕೆಲವು ಮಾದರಿಗಳು ಕಾರ್ಖಾನೆಯಿಂದ ಹೇಗೋ ಹೊರಬಿದ್ದವು. ೨೦೧೯ರಲ್ಲಿ ಅಂಥ ಒಂದು ಮಾದರಿ ಹರಾಜಿನಲ್ಲಿ ೧,೮೫,೦೦೦ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಯಾವ ಮಗುವೂ ಆಡದ, ಯಾವ ಮಗುವೂ ಆಡಬಾರದ ಗೊಂಬೆಗೆ ಇಷ್ಟು ಬೆಲೆ! ಕಪಾಟಿನ ಅಳತೆಗೋಲು ಅಂಗಳದ ಅಳತೆಗೋಲಿನಿಂದ ಎಷ್ಟು ದೂರ ಸರಿಯಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಗೊಂಬೆಯನ್ನು ಅಳೆಯುವಾಗ ಕಣ್ಣಿಗೂ ಕೈಗೂ ಕಾಣದ ಇನ್ನೊಂದು ಗುಣವನ್ನು ಗಮನಿಸಬೇಕು. ಅದು ಕತೆಗೆ ಎಡೆಕೊಡುವ ಗುಣ. ಹೀ-ಮ್ಯಾನನ ಕತ್ತಿ ಇಡಿಯ ಕತ್ತಿಯಲ್ಲ, ಅರ್ಧ. ಉಳಿದರ್ಧ ಸ್ಕೆಲಿಟರನ ಕೈಯಲ್ಲಿದೆ. ಎರಡನ್ನೂ ಜೋಡಿಸಿದಾಗಲೇ ಅದು ಪೂರ್ಣವಾಗಿ ಗ್ರೇಸ್ಕಲ್ ಕೋಟೆಯ ಬೀಗದ ಕೈಯಾಗುತ್ತದೆ. ಈ ಪುಟ್ಟ ಯುಕ್ತಿಯೊಳಗೆ ಎಷ್ಟು ಆಟಗಳು ಅಡಗಿವೆ! ಕದಿಯುವ ಆಟ, ಹುಡುಕುವ ಆಟ, ಒಪ್ಪಂದ ಮಾಡಿಕೊಳ್ಳುವ ಆಟ. ಒಂದೇ ಗೊಂಬೆಯಿದ್ದ ಹುಡುಗ ಇನ್ನೊಂದು ಗೊಂಬೆಯಿದ್ದ ಹುಡುಗನ ಮನೆಗೆ ಹೋಗಲೇಬೇಕು. ಅಂತೆಯೇ ಹೀ-ಮ್ಯಾನನ ವಾಹನವಾದ ಹಸಿರು ಹುಲಿಯ ಕತೆಯೂ ಸ್ವಾರಸ್ಯವಾಗಿದೆ. ಮ್ಯಾಟೆಲ್ ಸಂಸ್ಥೆ ಹಿಂದೆ ‘ಬಿಗ್ ಜಿಮ್’ ಎಂಬ ದೊಡ್ಡ ಗೊಂಬೆಗಾಗಿ ಮಾಡಿದ್ದ ಹುಲಿಯ ಅಚ್ಚನ್ನೇ ಹಣ ಉಳಿಸಲು ಮರಳಿ ಬಳಸಿತು. ಚಿಕ್ಕ ಗೊಂಬೆಯ ಪಕ್ಕದಲ್ಲಿ ಆ ಹುಲಿ ಕುದುರೆಯಷ್ಟು ದೊಡ್ಡದಾಗಿ ಕಂಡಿತು. ಹಸಿರು ಬಣ್ಣ ಬಳಿದು ಬೆನ್ನಿಗೆ ಜೀನು ಬಿಗಿದಾಗ ಅದೇ ‘ಬ್ಯಾಟಲ್ ಕ್ಯಾಟ್’ ಆಯಿತು. ಅಳತೆಯ ತಪ್ಪು ಎನ್ನಬಹುದಾಗಿದ್ದುದು ಕಲ್ಪನೆಯ ಬಲದಿಂದ ಒಂದು ಹೊಸ ಮೃಗವಾಯಿತು. ಕಪಾಟಿನ ದೃಷ್ಟಿಗೆ ಅಳತೆ ತಪ್ಪಿದ ಹುಲಿ ದೋಷ. ಆಟದ ದೃಷ್ಟಿಗೆ ಅದು ವರ.

ಕತೆಯನ್ನು ಹೇಳುವವರು ಯಾರು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಮೊದಲ ಗೊಂಬೆಗಳ ಜೊತೆಯಲ್ಲಿ ಒಂದು ಪುಟ್ಟ ಚಿತ್ರಕತೆಯ ಪುಸ್ತಕವಿರುತ್ತಿತ್ತು. ಅದರಲ್ಲಿ ಹೀ-ಮ್ಯಾನ್ ತನ್ನ ಕಾಡಿನ ಬುಡಕಟ್ಟನ್ನು ಬಿಟ್ಟು ಹೊರಟ ಒಬ್ಬ ಯೋಧ. ೧೯೮೩ರಲ್ಲಿ ಫಿಲ್ಮೇಷನ್ ಸಂಸ್ಥೆ ದೂರದರ್ಶನಕ್ಕಾಗಿ ಮಾಡಿದ ಚಿತ್ರಮಾಲಿಕೆಯಲ್ಲಿ ಅವನೇ ಆಡಮ್ ಎಂಬ ರಾಜಕುಮಾರ. ಕತ್ತಿಯೆತ್ತಿದಾಗ ಮಾತ್ರ ವೀರನಾಗುವವನು. ಆ ಮಾಲಿಕೆಯ ೧೩೦ ಕಂತುಗಳು ತಯಾರಾದವು. ಕಂತಿನ ಕೊನೆಯಲ್ಲಿ ಮಕ್ಕಳಿಗೆ ಒಂದು ನೀತಿಯೂ ಇರುತ್ತಿತ್ತು. ಆದರೆ ಅರ್ಧ ಗಂಟೆಯ ಕತೆಯೆಂಬುದು ವಾಸ್ತವವಾಗಿ ಅರ್ಧ ಗಂಟೆಯ ಜಾಹೀರಾತೆಂದು ಅಮೆರಿಕದ ಅನೇಕ ತಾಯಿತಂದೆಗಳೂ ಶಿಕ್ಷಕರೂ ಆಕ್ಷೇಪಿಸಿದರು. ೧೯೯೦ರಲ್ಲಿ ಅಲ್ಲಿನ ಶಾಸನಸಭೆ ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತಿನ ಹೊತ್ತಿಗೆ ಮಿತಿ ಹಾಕಿತು. ಆಕ್ಷೇಪಣೆಯಲ್ಲಿ ಹುರುಳಿತ್ತು. ಆದರೂ ಒಂದು ಮಾತನ್ನು ಮರೆಯಬಾರದು. ತಯಾರಿಸಿದವರೇ ಒಬ್ಬ ವೀರನಿಗೆ ಎರಡು ಜನ್ಮವೃತ್ತಾಂತಗಳನ್ನು ಹೇಳಿದ ಮೇಲೆ ಮೂರನೆಯದನ್ನು ಹೇಳುವ ಹಕ್ಕು ಮಗುವಿಗೂ ಇದೆ. ಪರದೆಯ ಕತೆಯನ್ನೇ ಮತ್ತೆ ಮತ್ತೆ ಆಡಿಸುವ ಗೊಂಬೆ ಬೇಗ ಬೇಸರ ತರುತ್ತದೆ. ಮಗುವಿನ ಸ್ವಂತ ಕತೆಗೆ ಬಗ್ಗುವ ಗೊಂಬೆ ವರ್ಷಗಟ್ಟಲೆ ಜೊತೆಗಿರುತ್ತದೆ.

ವೀರನೆಂದರೆ ಯಾರೆಂದು ಗೊಂಬೆ ಹೇಳುತ್ತದೆ ಎಂಬುದನ್ನೂ ವಿಮರ್ಶಿಸಬೇಕು. ೧೯೮೨ರ ಮೊದಲ ಎಂಟು ಗೊಂಬೆಗಳಲ್ಲಿ ಹೆಣ್ಣು ಒಬ್ಬಳೇ, ಟೀಲಾ. ೧೯೮೫ರಲ್ಲಿ ಷೀ-ರಾ ಎಂಬ ವೀರವನಿತೆಯ ಗೊಂಬೆ ಬಂದಿತು. ಆದರೆ ಅವಳಿಗೆ ಕತ್ತಿಯೊಡನೆ ಬಾಚಣಿಗೆಯನ್ನೂ ಕೊಟ್ಟರು. ಹೀ-ಮ್ಯಾನನ ಮೈಯಾದರೋ ಸ್ನಾಯುಗಳ ಗುಡ್ಡ. ಅಂಥ ಮೈ ಮನುಷ್ಯನದಲ್ಲ, ಕಲ್ಪನೆಯದು. ದೇವಾಲಯದ ದ್ವಾರಪಾಲಕನ ಉಬ್ಬಿದ ಕಣ್ಣುಗಳನ್ನು ನೋಡಿ ಯಾರೂ ತಮ್ಮ ಕಣ್ಣು ಚಿಕ್ಕದೆಂದು ಕೊರಗುವುದಿಲ್ಲ. ಹಾಗೆಯೇ ಈ ಸ್ನಾಯುಗಳನ್ನು ಕತೆಯ ಅತಿಶಯೋಕ್ತಿಯೆಂದು ತಿಳಿಯಬೇಕೇ ಹೊರತು ತನ್ನ ಮೈಗೆ ಅಳತೆಯೆಂದು ಭಾವಿಸಬಾರದು.

ಇನ್ನು ಸಂಗ್ರಹಕಾರರ ವಾದ. ಇವರಲ್ಲಿ ಹಲವರು ಗೊಂಬೆಯನ್ನು ಪೆಟ್ಟಿಗೆಯಿಂದ ಹೊರತೆಗೆಯುವುದೇ ಇಲ್ಲ. ಪ್ಲಾಸ್ಟಿಕ್ಕಿನ ಹೊದಿಕೆ ಹರಿದರೆ ಬೆಲೆ ಬೀಳುತ್ತದೆಂಬುದು ಅವರ ಅಂಜಿಕೆ. ಈ ಪ್ರವೃತ್ತಿ ಹೊಸದೇನೂ ಅಲ್ಲ. ಫ್ರೆಂಚ್ ಕವಿ ಬೋದಿಲೇರ್ ೧೮೫೩ರಲ್ಲಿ ಆಟಿಕೆಗಳ ಮೇಲೆ ಒಂದು ಪ್ರಬಂಧ ಬರೆದನು. ಬಹುಪಾಲು ಮಕ್ಕಳು ಆಟಿಕೆಯನ್ನು ಅಲುಗಿಸಿ, ಕುಟ್ಟಿ, ಕೊನೆಗೆ ಒಡೆದು ಅದರೊಳಗಿನ ಆತ್ಮವನ್ನು ಹುಡುಕುತ್ತಾರೆ ಎಂದು ಅವನು ಕಂಡನು. ಆಟಿಕೆಗಳನ್ನು ಬಳಸದೆ ಸಾಲಾಗಿ ಜೋಡಿಸಿಟ್ಟು, ಗೆಳೆಯರಿಗೆ ತೋರಿಸಿ, ಮುಟ್ಟಬೇಡಿರೆಂದು ಹೇಳುವ ಮಕ್ಕಳನ್ನೂ ಅವನು ಕಂಡಿದ್ದನು. ಅಂಥವರಲ್ಲಿ ಅವನಿಗೆ ನಂಬಿಕೆ ಸಾಲದು. ಕವಿಯ ಮಾತು ತುಸು ಕಟುವಾದರೂ ಅದರೊಳಗೆ ಸತ್ಯವಿದೆ. ಒಡೆಯುವ ಮಗು ತಿಳಿಯಲು ಹೊರಟಿದೆ. ಮುಟ್ಟಗೊಡದ ಮಗು ಒಡೆತನವನ್ನು ಕಲಿಯುತ್ತಿದೆ.

ಹಾಗೆಂದು ಸಂಗ್ರಹಕಾರರನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಅವರ ಪರವಾಗಿ ಹೇಳಬೇಕಾದ ಮಾತು ಬಹಳ ಇದೆ. ಯಾರೋ ಕೆಲವರು ಕಾಪಾಡಿದ್ದರಿಂದಲೇ ಹಳೆಯ ಆಟಿಕೆಗಳು ಇಂದು ನೋಡಲು ಸಿಗುತ್ತವೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಆಟಕ್ಕೇ ಮೀಸಲಾದ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಗೌರವಪಟ್ಟಿಗೆ ಜಿ. ಐ. ಜೋ ೨೦೦೪ರಲ್ಲಿಯೂ ಮಾಸ್ಟರ್ಸ್ ಆಫ್ ದಿ ಯೂನಿವರ್ಸ್ ೨೦೨೨ರಲ್ಲಿಯೂ ಸೇರಿದವು. ೨೦೨೨ರಲ್ಲಿ ಅವುಗಳೊಡನೆ ಆ ಪಟ್ಟಿಗೆ ಸೇರಿದ ಇನ್ನೊಂದು ಆಟಿಕೆ ಯಾವುದು ಗೊತ್ತೆ? ಬುಗುರಿ! ಸಾವಿರಾರು ವರ್ಷಗಳ ಮುದುಕನೂ ನಲವತ್ತು ವರ್ಷದ ವೀರನೂ ಒಂದೇ ದಿನ ಒಂದೇ ಪಂಕ್ತಿಯಲ್ಲಿ ಕುಳಿತರು. ಭಾರತದಲ್ಲಿ ಲಿಯೋ ಎಂಬ ಹೆಸರಿನಿಂದ ತಯಾರಾದ ಹೀ-ಮ್ಯಾನ್ ಸಾಲಿನ ಗೊಂಬೆಗಳನ್ನು ಅವುಗಳ ಬಣ್ಣದ ವ್ಯತ್ಯಾಸಗಳಿಗಾಗಿ ಹೊರದೇಶದ ಸಂಗ್ರಹಕಾರರು ಹುಡುಕುತ್ತಾರೆ. ಇಲ್ಲಿನ ಮಕ್ಕಳು ಆಡಿ ಮರೆತ ಗೊಂಬೆಯ ನೆನಪನ್ನು ಅಲ್ಲಿ ಯಾರೋ ಉಳಿಸಿಕೊಂಡಿದ್ದಾರೆ. ಒಂದು ಕಾಲದ ಮಕ್ಕಳು ಏನನ್ನು ಕನಸಿದರೆಂಬುದು ಆ ಕಾಲದ ಚರಿತ್ರೆಯ ಒಂದು ಪುಟ. ಅದನ್ನು ಕಾಯುವವರಿಗೆ ಕೃತಜ್ಞತೆ ಸಲ್ಲಬೇಕು.

ಆದರೆ ಚರಿತ್ರೆಗಾಗಿ ಕಾಯುವುದು ಬೇರೆ, ಲಾಭಕ್ಕಾಗಿ ಕೂಡಿಡುವುದು ಬೇರೆ. ಎರಡನೆಯವರ ಲೆಕ್ಕದಲ್ಲಿ ದೊಡ್ಡದೊಂದು ತಪ್ಪಿದೆ. ೧೯೭೮ರ ಗೊಂಬೆ ಇಂದು ದುಬಾರಿಯಾಗಿರುವುದೇಕೆ? ಅಂದಿನ ಮಕ್ಕಳು ಅದನ್ನು ಮನದಣಿಯೆ ಆಡಿ ಸವೆಸಿದ್ದರಿಂದ ಚೆನ್ನಾಗಿ ಉಳಿದವು ವಿರಳವಾದವು. ಆಡಿದವರ ನೆನಪು ಗಾಢವಾದುದರಿಂದ ಬಯಸುವವರೂ ಹೆಚ್ಚಾದರು. ೧೯೯೫ರಿಂದ ಸ್ಟಾರ್ ವಾರ್ಸ್ ಗೊಂಬೆಗಳು ಮರಳಿ ಮಾರುಕಟ್ಟೆಗೆ ಬಂದಾಗ ಅನೇಕರು ಮುಂದೆ ಹಣವಾದೀತೆಂದು ಬಿಚ್ಚದೆ ಕೂಡಿಟ್ಟರು. ಎಲ್ಲರೂ ಕೂಡಿಟ್ಟ ವಸ್ತು ವಿರಳವಾಗುವುದೆಂತು? ಅವುಗಳಲ್ಲಿ ಬಹುಪಾಲು ಇಂದಿಗೂ ಅಗ್ಗವಾಗಿಯೇ ಉಳಿದಿವೆ. ಆಟವೇ ಬೆಲೆಯ ತಾಯಿಬೇರು. ಬೇರನ್ನು ಕತ್ತರಿಸಿ ಹಣ್ಣನ್ನು ಬಯಸಿದರೆ ಫಲವಿಲ್ಲ.

ಮತ್ತೊಂದು ಸಂಗತಿಯೂ ಉಂಟು. ಮುಟ್ಟದೆ ಇಟ್ಟ ಮಾತ್ರಕ್ಕೆ ಗೊಂಬೆ ಚಿರಂಜೀವಿಯಾಗುವುದಿಲ್ಲ. ಮೃದುವಾದ ಪ್ಲಾಸ್ಟಿಕ್ಕಿಗೆ ಬಳುಕು ಬರಲೆಂದು ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಒಸರಿ ಮೇಲ್ಮೈಗೆ ಬರುತ್ತದೆ. ಆಗ ಗೊಂಬೆಯ ಮೈ ಬೆವೆತಂತೆ ಅಂಟಂಟಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಗಾಳಿಯಾಡದೆ ಇದು ಇನ್ನೂ ಹೆಚ್ಚಬಹುದು. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಬಿಳುಪು ಹಳದಿಗೆ ತಿರುಗುತ್ತದೆ. ಒಳಗಿನ ರಬ್ಬರು ಬಳಸಿದರೂ ಬಳಸದಿದ್ದರೂ ಜೀರ್ಣವಾಗುತ್ತದೆ. ೧೯೮೨ರ ಸಣ್ಣ ಅಳತೆಯ ಜಿ. ಐ. ಜೋ ಗೊಂಬೆಗಳ ಮುಂಡವನ್ನೂ ಕಾಲುಗಳನ್ನೂ ಹಿಡಿದಿಟ್ಟಿದ್ದುದು ಒಂದು ಪುಟ್ಟ ರಬ್ಬರು ಬಳೆ. ಅದು ತುಂಡಾದೊಡನೆ ವೀರನು ನಡು ಮುರಿದು ಎರಡಾಗುತ್ತಾನೆ. ಹೊಸ ಬಳೆ ತೊಡಿಸಿದರೆ ಮತ್ತೆ ಎದ್ದು ನಿಲ್ಲುತ್ತಾನೆ. ದುರಸ್ತಿಗೆ ಒದಗುವ ಗೊಂಬೆಯೇ ನಿಜವಾಗಿ ದೀರ್ಘಾಯುಷಿ. ಅದನ್ನು ದುರಸ್ತಿ ಮಾಡಲು ಕಲಿಯುವ ಕೈ ಗೊಂಬೆಗಿಂತ ದೊಡ್ಡ ಸಂಪತ್ತು.

ಈ ಎಲ್ಲ ವಿಚಾರಗಳಿಂದ ಒಂದು ತೀರ್ಮಾನಕ್ಕೆ ಬರಬಹುದು. ಗೊಂಬೆ ಮೊದಲು ಸುರಕ್ಷಿತವಾಗಿರಬೇಕು. ಆ ಮೇಲೆ ಗಟ್ಟಿಮುಟ್ಟಾಗಿರಬೇಕು. ಅನಂತರ ಮಗುವಿನ ಕತೆಗೆ ಎಡೆಕೊಡಬೇಕು. ಇವು ಮೂರೂ ಸಂದ ಮೇಲೆ ನೋಟಕ್ಕೂ ಚೆಲುವಾಗಿದ್ದರೆ ಅದು ಚಿನ್ನಕ್ಕೆ ಕುಂದಣವಿಟ್ಟಂತೆ. ನೋಟಕ್ಕೂ ಆಟಕ್ಕೂ ವಿರೋಧ ಬಂದ ಕಡೆಯಲ್ಲಿ, ಗೊಂಬೆಯನ್ನು ಮಗುವಿನ ಹೆಸರಿನಲ್ಲಿ ಕೊಂಡಿದ್ದರೆ, ಮಣಿಯಬೇಕಾದುದು ನೋಟವೇ. ಕೇವಲ ನೋಟಕ್ಕಾಗಿ ಮಾಡಿದ ಗೊಂಬೆಯನ್ನು ದೊಡ್ಡವರು ಶಿಲ್ಪವೆಂದು ಕೊಂಡು ಕಪಾಟಿನಲ್ಲಿಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಮಗುವಿಗೆ ಉಡುಗೊರೆಯೆಂದು ಕೊಟ್ಟು, ಮರುಕ್ಷಣವೇ ಮುಟ್ಟಬೇಡವೆಂದು ಗದರಿಸುವುದು ಕೊಟ್ಟು ಕಸಿದುಕೊಂಡಂತೆಯೇ ಸರಿ.

ಬೆಲೆಗೂ ಗುಣಕ್ಕೂ ಇಲ್ಲಿ ಅಂಥ ನಂಟೇನೂ ಇಲ್ಲವೆಂಬುದನ್ನು ಬಡವರ ಮನೆಯ ಮಕ್ಕಳು ಬಹಳ ಹಿಂದೆಯೇ ಬಲ್ಲರು. ಜೋಳದ ದಂಟಿನ ಗಾಡಿಯೂ ತೆಂಗಿನ ಗರಿಯ ಹಾವೂ ಮೇಲೆ ಹೇಳಿದ ಮೂರು ಪರೀಕ್ಷೆಗಳಲ್ಲಿ ಎರಡನ್ನಾದರೂ ಸುಲಭವಾಗಿ ಗೆಲ್ಲುತ್ತವೆ. ಗಟ್ಟಿತನದಲ್ಲಿ ಸೋತರೂ ಮರುದಿನವೇ ಹೊಸತನ್ನು ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡುತ್ತವೆ. ಅಮೆರಿಕದ ವೀರನನ್ನು ಪಡೆಯದ ಮಗು ಏನನ್ನೋ ಕಳೆದುಕೊಂಡಿತೆಂದು ಮರುಗಬೇಕಾಗಿಲ್ಲ. ಆಡಲು ಹೊತ್ತೂ ಜೊತೆಯೂ ಇಲ್ಲದ ಮಗುವಿಗಾಗಿ ಮರುಗಬೇಕು.

ಬಣ್ಣ ಮಾಸಿದ, ಒಂದು ಕೈ ಸಡಿಲವಾದ, ಕತ್ತಿ ಕಳೆದುಹೋದ ಗೊಂಬೆಯೊಂದು ಮನೆಯ ಮೂಲೆಯಲ್ಲಿ ಸಿಕ್ಕಿದರೆ ಅದನ್ನು ಎಸೆಯಬಾರದು. ಹರಾಜಿನಲ್ಲಿ ಅದಕ್ಕೆ ಬಿಡಿಗಾಸೂ ಹುಟ್ಟದು. ಆದರೆ ಅದರ ಮೈಯ ಒಂದೊಂದು ಗೀರೂ ಒಂದೊಂದು ಸಂಜೆಯ ದಾಖಲೆ. ಬಿಚ್ಚದ ಪೆಟ್ಟಿಗೆಯೊಳಗಿನ ವೀರನು ಒಂದು ಯುದ್ಧವನ್ನೂ ಕಾಣಲಿಲ್ಲ. ಈ ಮುದಿ ವೀರನು ಸಾವಿರ ಯುದ್ಧಗಳಿಂದ ಹಿಂದಿರುಗಿದ್ದಾನೆ. ಕಪಾಟಿನ ಮೇಲಂತಸ್ತಿನಲ್ಲಿ ನಿಲ್ಲುವ ಹಕ್ಕು ಯಾರಿಗಾದರೂ ಇದ್ದರೆ ಅದು ಇಂಥವನಿಗೇ ಸಲ್ಲಬೇಕು.